ಸುಟ್ಟ ಮಡಕೆ, ಕರಗುವ ಗಾಜು

ಕನ್ನಡದಲ್ಲಿ ಬದುಕು-ಸಾವಿನ ಮಾತು ಬಂದಾಗಲೆಲ್ಲ ಎರಡು ಹೋಲಿಕೆಗಳು ನಾಲಗೆಯ ತುದಿಯಲ್ಲೇ ಇರುತ್ತವೆ. ಒಂದು ಮಡಕೆಯದು. ದೇಹ ಮಣ್ಣಿನ ಮಡಕೆ, ಇಂದಲ್ಲ ನಾಳೆ ಒಡೆಯುತ್ತದೆ, ಮಣ್ಣಿನಿಂದ ಬಂದದ್ದು ಮಣ್ಣಿಗೆ ಸೇರುತ್ತದೆ. ಇನ್ನೊಂದು ಗಾಜಿನದು. ಮನಸ್ಸು ಗಾಜು, ಒಡೆದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ. ಭಜನೆಯಲ್ಲಿ, ಭಾವಗೀತೆಯಲ್ಲಿ, ಸಿನಿಮಾ ಹಾಡಿನಲ್ಲಿ, ಸಾವಿನ ಮನೆಯ ಸಮಾಧಾನದಲ್ಲಿ, ಜಗಳದ ಕೊನೆಯ ಮಾತಿನಲ್ಲಿ ಇವು ಎಷ್ಟು ಬಳಕೆಯಾಗಿವೆಯೆಂದರೆ, ಇವು ಹೋಲಿಕೆಗಳು ಎಂಬುದೇ ನಮಗೆ ಮರೆತುಹೋಗಿದೆ.

ನನ್ನ ವಾದ ಇಷ್ಟು: ಈ ಎರಡೂ ಅದಲುಬದಲಾಗಿವೆ. ಸುಟ್ಟ ಮಡಕೆ ಮರಳಿ ಮಣ್ಣಾಗುವುದಿಲ್ಲ. ಒಡೆದ ಗಾಜು ಮತ್ತೆ ಗಾಜಾಗಬಲ್ಲದು. ಹಿಂತಿರುಗುವ ಸಮಾಧಾನವನ್ನು ನಾವು ಹಿಂತಿರುಗದ ವಸ್ತುವಿನ ಮೇಲೆ ಹೊರಿಸಿದ್ದೇವೆ. ಮುಗಿದುಹೋಯಿತೆಂಬ ತೀರ್ಪನ್ನು ಮತ್ತೆ ಶುರುವಾಗಬಲ್ಲ ವಸ್ತುವಿನ ಮೇಲೆ. ಇದು ಬರೀ ರಸಾಯನಶಾಸ್ತ್ರದ ತಕರಾರಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹೋಲಿಕೆಗಳು ಬದುಕಿನ ಬಗ್ಗೆ ತೀರ್ಮಾನ ಕೊಡುತ್ತವೆ, ಕೆಲವೊಮ್ಮೆ ಆ ತೀರ್ಮಾನವನ್ನು ಮನುಷ್ಯರ ಮೇಲೆ ಜಾರಿಯೂ ಮಾಡುತ್ತವೆ. ಅದಕ್ಕೇ ಅವುಗಳನ್ನು ಆಗಾಗ ತಟ್ಟಿ ನೋಡಬೇಕು.

ಮೊದಲು ಮಡಕೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಎಲ್ಲರಿಗೂ ಗೊತ್ತು. ಅದರಲ್ಲಿ ಕುಂಬಾರನಿದ್ದಾನೆ, ದೊಣ್ಣೆಯಿದೆ. ಆವಿಗೆ ಇಲ್ಲ. ನಮ್ಮ ಮಡಕೆಯ ಚಿತ್ರಗಳಲ್ಲಿ ಹೆಚ್ಚಿನವು ಹೀಗೇ: ಮಣ್ಣು ತುಳಿಯುವುದು ಕಾಣುತ್ತದೆ, ತಿಗುರಿ ತಿರುಗುವುದು ಕಾಣುತ್ತದೆ, ಆಮೇಲೆ ನೇರವಾಗಿ ಒಡೆದ ಚೂರುಗಳೇ ಕಾಣುತ್ತವೆ. ನಡುವೆ ಒಂದು ಬೆಂಕಿ ಇತ್ತಲ್ಲ, ಅದು ಎಲ್ಲಿ ಹೋಯಿತು?

ಆ ಬೆಂಕಿಯಲ್ಲಿ ಏನಾಗುತ್ತದೆ ಎಂಬುದನ್ನು ಒಂದಿಷ್ಟು ನಿಧಾನವಾಗಿ ನೋಡೋಣ. ಜೇಡಿಮಣ್ಣಿನ ಕಣಗಳು ಬಹಳ ಸಣ್ಣ, ಚಪ್ಪಟೆ ಬಿಲ್ಲೆಗಳು. ಸಿಲಿಕಾದ ಪದರ, ಅಲ್ಯೂಮಿನಾದ ಪದರ ಒಂದಕ್ಕೊಂದು ಅಂಟಿಕೊಂಡು ಆದಂಥವು. ನಡುವೆ ನೀರು ಸೇರಿದಾಗ ಈ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ಕೈ ತೋರಿದ ಆಕಾರಕ್ಕೆ ಬರುತ್ತವೆ. ಕುಂಬಾರರು ಹದ ಎನ್ನುವುದು ಇದನ್ನೇ. ಮಡಕೆ ಒಣಗಿದಾಗ ಈ ನೀರು ಹೋಗುತ್ತದೆ, ಆದರೆ ಮಣ್ಣು ಇನ್ನೂ ಮಣ್ಣೇ. ಒಣಗಿದ ಹಸಿ ಮಡಕೆಯನ್ನು ಒಂದು ರಾತ್ರಿ ಬಕೆಟ್ ನೀರಿನಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಸರು ಸಿಗುತ್ತದೆ. ಅದನ್ನು ತುಳಿದು ಮತ್ತೊಂದು ಮಡಕೆ ಮಾಡಬಹುದು. ಇಲ್ಲಿಯವರೆಗೆ ಹೋಗುವ ದಾರಿಯೂ ಬರುವ ದಾರಿಯೂ ತೆರೆದೇ ಇವೆ.

ಆವಿಗೆಯಲ್ಲಿ ಒಂದು ದಾರಿ ಮುಚ್ಚುತ್ತದೆ. ಬಿಳಿ ಜೇಡಿಯ ಮುಖ್ಯ ಖನಿಜವಾದ ಕೇಯೊಲಿನೈಟ್‌ನ ತೂಕದಲ್ಲಿ ಸುಮಾರು ಶೇ. 14ರಷ್ಟು ನೀರಿನ ಅಂಶ ಅದರ ರಚನೆಯೊಳಗೇ ಕಟ್ಟಿಕೊಂಡಿರುತ್ತದೆ. ಬಿಸಿಲಿಗೆ ಅದು ಜಗ್ಗುವುದಿಲ್ಲ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆ ನೀರು ಬಿಟ್ಟುಹೋಗುತ್ತದೆ, ಪದರಗಳ ಜೋಡಣೆ ಕುಸಿಯುತ್ತದೆ. ಮಣ್ಣಿನಲ್ಲಿರುವ ಬೆಣಚಿನ ಮರಳು 573 ಡಿಗ್ರಿಯಲ್ಲಿ ತನ್ನ ಹರಳಿನ ರೂಪ ಬದಲಿಸಿ ತಟ್ಟನೆ ಹಿಗ್ಗುತ್ತದೆ, ಆರುವಾಗ ಅಷ್ಟೇ ತಟ್ಟನೆ ಕುಗ್ಗುತ್ತದೆ. ಆವಿಗೆಯನ್ನು ಅವಸರಪಟ್ಟು ಬಿಚ್ಚಿದರೆ ಮಡಕೆ ಸೀಳುವುದಕ್ಕೆ ಇದೂ ಒಂದು ಕಾರಣ. ಕಾವು ಇನ್ನೂ ಏರಿದರೆ ಕಣಗಳ ಅಂಚುಗಳು ಕರಗಿ ಗಾಜಿನಂಥ ಅಂಟಾಗಿ ಒಂದನ್ನೊಂದು ಹಿಡಿಯುತ್ತವೆ. ಪಿಂಗಾಣಿಯ ಕಾವಿಗೆ, ಅಂದರೆ ಸುಮಾರು 1,300 ಡಿಗ್ರಿಗೆ, ಹೋದರೆ ಮಲ್ಲೈಟ್ ಎಂಬ ಹೊಸ ಹರಳುಗಳೇ ಸೂಜಿಗಳಂತೆ ಹೆಣೆದುಕೊಳ್ಳುತ್ತವೆ. ಈಗ ಇದನ್ನು ವರ್ಷಗಟ್ಟಲೆ ನೀರಿನಲ್ಲಿಟ್ಟರೂ ತುಳಿಯುವ ಹದ ಬರುವುದಿಲ್ಲ.

ಸುಟ್ಟ ಮಣ್ಣು ಗಾಳಿಯ ತೇವವನ್ನು ಬಹಳ ನಿಧಾನವಾಗಿ ಮತ್ತೆ ಹೀರಿಕೊಳ್ಳುತ್ತದೆ, ಶತಮಾನಗಳ ಅವಧಿಯಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ ಎಂಬುದು ನಿಜ. ಸರಿಯಾಗಿ ಬೇಯದ ಮಡಕೆ ತೇವದಲ್ಲಿ ಪುಡಿಯಾಗುವುದೂ ಉಂಟು. ಆದರೆ ಪುಡಿಯಾಗುವುದು ಬೇರೆ, ಮಣ್ಣಾಗುವುದು ಬೇರೆ. ಆ ಪುಡಿಯನ್ನು ನೀರು ಹಾಕಿ ಕಲಸಿ ತಿಗುರಿಯ ಮೇಲಿಟ್ಟರೆ ಮಡಕೆ ಏಳುವುದಿಲ್ಲ.

ಇದು ನಮ್ಮ ಹಳೆಯ ಕವಿಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಹರಿಹರನ ಕುಂಬಾರ ಗುಂಡಯ್ಯನ ರಗಳೆಯನ್ನು ಒಮ್ಮೆ ಕಿವಿಗೊಟ್ಟು ಓದಬೇಕು. ಗುಂಡಯ್ಯನ ಊರನ್ನು ಇಂದಿನ ಬೀದರ್ ಜಿಲ್ಲೆಯ ಭಾಲ್ಕಿ ಎಂದು ಗುರುತಿಸುತ್ತಾರೆ. ಅವನ ಭಕ್ತಿಗೆ ಮಂತ್ರವಿಲ್ಲ, ಪಾಂಡಿತ್ಯವಿಲ್ಲ. ಮಡಕೆ ಮಾಡುತ್ತಾನೆ, ಮಡಕೆ ಬಡಿಯುತ್ತಾನೆ, ಆ ನಾದಕ್ಕೆ ತಾನೂ ಕುಣಿಯುತ್ತಾನೆ, ಕೊನೆಗೆ ಶಿವನೇ ಬಂದು ಕುಣಿಯುತ್ತಾನೆ. ಈ ಕತೆಯನ್ನು ಸಾಮಾನ್ಯವಾಗಿ ಕಾಯಕವೇ ಕೈಲಾಸ ಎಂಬ ಪಾಠಕ್ಕೆ ಉದಾಹರಣೆಯಾಗಿ ಹೇಳಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಮೊದಲು ಕಾಣುವುದು ಒಂದು ಸರಳ ಸಂಗತಿ: ಹಸಿ ಮಡಕೆ ನಾದ ಕೊಡುವುದಿಲ್ಲ. ತಟ್ಟಿದರೆ ದಬ್ ಎನ್ನುತ್ತದೆ. ಕಣಗಳು ಒಂದನ್ನೊಂದು ಹಿಡಿದುಕೊಂಡಾಗ ಮಾತ್ರ ಕಂಪನ ಮಡಕೆಯ ಸುತ್ತ ಓಡುತ್ತದೆ, ಟಣ್ ಎನ್ನುತ್ತದೆ. ಕೂದಲೆಳೆಯ ಬಿರುಕಿದ್ದರೂ ಆ ಓಟ ಅಲ್ಲಿ ಮುಗ್ಗರಿಸುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು ಇದಕ್ಕೇ. ಹರಿಹರನ ಶಿವ ಕುಣಿಯುವುದು ಬೆಂದ ಮಡಕೆಯ ದನಿಗೆ. ರಗಳೆಯ ಇಡೀ ಪವಾಡ ನಿಂತಿರುವುದು ಆವಿಗೆಯ ಮೇಲೆ.

ಗುಂಡಯ್ಯನ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಕುಂಭೇಶ್ವರ ಎಂಬ ಅಂಕಿತದಲ್ಲಿ ಆಕೆಯ ಹೆಸರಿಗೆ ಬಂದಿರುವ ವಚನ ಮಣ್ಣಿನ ಹದವನ್ನೂ ವ್ರತದ ಬಿಗಿಯನ್ನೂ ಜೊತೆಗಿಟ್ಟು ನೋಡುತ್ತದೆ. ಹದವಿಲ್ಲದೆ ಮಡಕೆಯಿಲ್ಲ ಎಂಬುದು ಕೆಲಸ ಮಾಡಿದ ಕೈಯ ತಿಳಿವಳಿಕೆ. ಇನ್ನು ವಚನಗಳಲ್ಲೇ ಸಿಗುವ ಮತ್ತೊಂದು ಹೋಲಿಕೆ ನನ್ನ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು. ಸುಟ್ಟ ಮಡಕೆ ಹೇಗೆ ಮತ್ತೆ ನೆಲದ ಮಣ್ಣನ್ನು ಕೂಡಲಾರದೋ ಹಾಗೆ ನಿಷ್ಠೆಯಲ್ಲಿ ಬೆಂದ ಶರಣ ಮತ್ತೆ ಹುಟ್ಟಿಗೆ ಬರಲಾರ ಎಂಬುದು ಅದರ ತಾತ್ಪರ್ಯ. ಗಮನಿಸಿ: ಇಲ್ಲಿ ಮಡಕೆ ನಶ್ವರತೆಯ ಗುರುತಲ್ಲ. ಹಿಂತಿರುಗದಿರುವುದೇ ಇಲ್ಲಿನ ಸಾಧನೆ. ಮಣ್ಣಿಗೆ ಮಣ್ಣು ಎಂಬ ಸಮಾಧಾನವನ್ನು ಈ ಹೋಲಿಕೆ ತಲೆಕೆಳಗು ಮಾಡಿದೆ.

ತತ್ವಶಾಸ್ತ್ರದವರೂ ಆವಿಗೆಯ ಮುಂದೆ ಕೂತು ಯೋಚಿಸಿದವರೇ. ಸುಟ್ಟಾಗ ಕಪ್ಪು ಮಡಕೆ ಕೆಂಪಾಗುವುದು ಹೇಗೆ ಎಂಬ ಪ್ರಶ್ನೆಗೆ ವೈಶೇಷಿಕರ ಉತ್ತರ ಪೀಲುಪಾಕ. ಪೀಲು ಎಂದರೆ ಪರಮಾಣು. ಬೆಂಕಿ ತಗುಲಿದಾಗ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ, ಪರಮಾಣುಗಳು ಬೇಯುತ್ತವೆ, ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆ. ಎಲ್ಲ ಎಷ್ಟು ಬೇಗ ನಡೆಯುತ್ತದೆಂದರೆ ಕಣ್ಣಿಗೆ ಕಾಣದು. ನೈಯಾಯಿಕರು ಒಪ್ಪಲಿಲ್ಲ. ಅವರದು ಪಿಠರಪಾಕ. ಪಿಠರ ಎಂದರೆ ಮಡಕೆ. ಮಡಕೆಯ ಸಣ್ಣ ರಂಧ್ರಗಳ ಮೂಲಕ ಕಾವು ಒಳಹೊಕ್ಕು ಇಡೀ ಮಡಕೆಯನ್ನು ಮಡಕೆಯಾಗಿಯೇ ಬೇಯಿಸುತ್ತದೆ, ಇಲ್ಲವಾದರೆ ಆವಿಗೆಗೆ ಇಟ್ಟ ಮಡಕೆಯೇ ಹೊರಗೆ ಬಂತೆಂದು ಹೇಳುವುದು ಹೇಗೆ? ಇಂದಿನ ಪ್ರಯೋಗಶಾಲೆ ಇಬ್ಬರಿಗೂ ಅರ್ಧರ್ಧ ಅಂಕ ಕೊಡಬಹುದು. ಆಕಾರ ಉಳಿಯುತ್ತದೆ, ಒಳಗಿನ ಜೋಡಣೆ ಮುರಿದು ಹೊಸದಾಗುತ್ತದೆ. ಆದರೆ ಸಾಹಿತ್ಯದ ಓದುಗನಾಗಿ ನನಗೆ ಮುಖ್ಯವಾದದ್ದು ಆ ಪ್ರಶ್ನೆಯೇ. ದೊಡ್ಡ ಕಷ್ಟದಿಂದ ಹೊರಬಂದವನು ಮೊದಲಿನ ಮನುಷ್ಯನೋ, ಬೇರೆಯವನೋ? ಅನೇಕ ಕಾದಂಬರಿಗಳು ಕೇಳುವ ಪ್ರಶ್ನೆ ಇದೇ ತಾನೆ?

ಹೀಗಿದ್ದೂ ಆವಿಗೆ ನಮ್ಮ ಬಳಕೆಯ ಹೋಲಿಕೆಯಿಂದ ಜಾರಿಹೋದದ್ದು ಯಾಕೆ? ವೈರಾಗ್ಯ ಬೋಧಿಸುವ ಹಾಡಿಗೆ ಬೇಕಾದದ್ದು ಒಡೆಯುವ ಕ್ಷಣ ಮಾತ್ರ. ನಡುವಿನ ಬೆಂಕಿಯನ್ನು ಬಿಟ್ಟರೆ ಹಾಡು ಚುಟುಕಾಗುತ್ತದೆ, ಪಾಠ ಬೇಗ ತಲುಪುತ್ತದೆ. ಹಾಗೆ ಬಿಟ್ಟದ್ದು ಕ್ರಮೇಣ ಮರೆವಾಯಿತು. ಮರೆವಿನ ಪರಿಣಾಮ ಸಣ್ಣದಲ್ಲ. ಎಲ್ಲವೂ ಮಣ್ಣಿಗೆ ಸೇರುವುದೇ ಆದರೆ ಮಾಡಿದ್ದಕ್ಕೂ ಗುರುತಿಲ್ಲ, ಮಾಡಿಸಿಕೊಂಡದ್ದಕ್ಕೂ ಗುರುತಿಲ್ಲ. ಕೊಟ್ಟ ಪೆಟ್ಟೂ ಸೇರಿದಂತೆ ಎಲ್ಲವೂ ಒಂದು ದಿನ ಕೆಸರು. ಇದು ಪೆಟ್ಟು ಕೊಟ್ಟವರಿಗೆ ಬಹಳ ಅನುಕೂಲದ ತತ್ವ.

ಬೋಕಿ ಚೂರುಗಳು ಬೇರೆಯದನ್ನೇ ಹೇಳುತ್ತವೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ, ಕರ್ನಾಟಕದ ಪ್ರಾಚೀನ ಕಾಲಕ್ಕೆ ಒಂದು ಲೆಕ್ಕ ಸಿಕ್ಕಿದ್ದು ಹೆಚ್ಚಾಗಿ ಮಡಕೆ ಚೂರುಗಳಿಂದ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯಿಂದ ಬಂದ ಕೆಂಪು ಪಾತ್ರೆಗಳ ಜೊತೆ ಸಿಕ್ಕಿದ್ದ ಒಂದು ಬಗೆಯ ಅಲಂಕಾರದ ತಟ್ಟೆಯ ಚೂರುಗಳು ಬ್ರಹ್ಮಗಿರಿಯಲ್ಲೂ ಸಿಕ್ಕವು. ಅಲ್ಲಿನ ಕಾಲ ಇಲ್ಲಿಗೂ ತಾಳೆಯಾಯಿತು. ಅಶೋಕನ ಶಾಸನವಿರುವ ಊರು ಅದು. ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ. ಹೆಸರಿಲ್ಲದ ಯಾವ ಹೆಂಗಸೋ ಅನ್ನ ಬೇಯಿಸಿ, ಒಡೆದಾಗ ತಿಪ್ಪೆಗೆ ಎಸೆದ ಮಡಕೆಯೂ ಬಂಡೆಯಷ್ಟೇ ಬಾಳಿತು.

ಒಡೆದ ಮೇಲೂ ಅದಕ್ಕೆ ಕೆಲಸವಿದೆ. ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆಯಾಗುತ್ತದೆ. ಬೆಂಕಿಯಲ್ಲಿ ಕುಸಿದ ಆ ಪದರಗಳು ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುವ ಅಂಟಾಗುತ್ತವೆ. ಹಸಿ ಜೇಡಿಗೆ ಈ ಶಕ್ತಿಯಿಲ್ಲ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ-ಸುರ್ಕಿಯ ಗಾರೆ. ಮಣ್ಣಿಗೆ ಮರಳದ ಮಣ್ಣು ಕಾವೇರಿಯನ್ನು ತಡೆದು ನಿಲ್ಲಿಸಿದೆ.

ನಾನಿರುವ ಕಾಮಾಕ್ಷಿಪಾಳ್ಯದಂಥ ಜಾಗದಲ್ಲಿ ಈ ಮಾತು ಇನ್ನೂ ಹತ್ತಿರದ್ದು. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಲೇತ್ ಮೆಷಿನ್ನಿನ ಶೆಡ್ಡು, ಪೌಡರ್ ಕೋಟಿಂಗ್ ಶೆಡ್ಡು, ಮೇಲೆ ಬಾಡಿಗೆ ಮನೆ, ಪಕ್ಕದಲ್ಲಿ ಗುಜರಿ ಅಂಗಡಿ. ತಲೆಯೆತ್ತಿದರೆ ವಿದ್ಯುತ್ ಕಂಬಗಳ ಮೇಲೆ ಕಂದು ಬಣ್ಣದ ಪಿಂಗಾಣಿ ಬಟ್ಟಲುಗಳು ತಂತಿಯನ್ನು ಹಿಡಿದು ಕೂತಿವೆ. ಬಿಸಿಲು, ಮಳೆ, ಹೊಗೆ ಯಾವುದಕ್ಕೂ ಜಗ್ಗದೆ ಕರೆಂಟನ್ನು ಕಂಬಕ್ಕೆ ಇಳಿಯಗೊಡದ ಕೆಲಸ ಅವುಗಳದು. ಮಲ್ಲೇಶ್ವರದ ಕಡೆ, ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರ, ಇಂಥ ಇನ್ಸುಲೇಟರುಗಳನ್ನು ಮಾಡುವ ಪಿಂಗಾಣಿ ಕಾರ್ಖಾನೆ ಮೈಸೂರು ಸರ್ಕಾರದ ಕಾಲದಲ್ಲೇ ಇತ್ತು, ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ಬೆಂಗಳೂರಿನ ಬಗ್ಗೆ ಕನ್ನಡದಲ್ಲಿ ಎಷ್ಟೊಂದು ಕವಿತೆಗಳಿವೆ. ಕಂಬದ ಮೇಲಿನ ಈ ಬೆಂದ ಮಣ್ಣಿಗೆ ಅವುಗಳಲ್ಲಿ ಎಷ್ಟು ಜಾಗ ಸಿಕ್ಕಿದೆ? ನಮ್ಮ ನಗರಕಾವ್ಯಕ್ಕೆ ಮಣ್ಣು ಎಂದರೆ ಈಗಲೂ ಬಿಟ್ಟುಬಂದ ಊರಿನ ಮಣ್ಣು, ಮೊದಲ ಮಳೆಯ ವಾಸನೆ. ಇಲ್ಲೇ ತಲೆಯ ಮೇಲಿರುವ ಮಣ್ಣು ಅದರ ಲೆಕ್ಕಕ್ಕೇ ಬಂದಿಲ್ಲ.

ಈಗ ಗಾಜು. ಮರಳಿನ ಸಿಲಿಕಾ ಒಂದನ್ನೇ ಕರಗಿಸಬೇಕಾದರೆ 1,700 ಡಿಗ್ರಿಯ ಕಾವು ಬೇಕು. ಸೋಡಾ ಸೇರಿಸಿದರೆ ಕರಗುವ ಕಾವು ಇಳಿಯುತ್ತದೆ, ಆದರೆ ಸೋಡಾ ಮಾತ್ರ ಸೇರಿಸಿದ ಗಾಜು ನೀರಿನಲ್ಲಿ ಕರಗಿಬಿಡುತ್ತದೆ. ಅದನ್ನು ತಡೆಯಲು ಸುಣ್ಣ ಬೇಕು. ನಮ್ಮ ಕಿಟಕಿ, ಬಾಟಲಿ, ಬಳೆ ಬಹುಪಾಲು ಈ ಮೂರರ ಕೂಟ. ಅದರಲ್ಲಿ ಸುಮಾರು ಶೇ. 70ರಷ್ಟು ಸಿಲಿಕಾ. ಕರಗಿದ್ದು ಆರುವಾಗ ಹರಳುಗಟ್ಟುವುದಿಲ್ಲ, ಗೊಂದಲದಲ್ಲಿದ್ದ ಕಣಗಳು ಆ ಗೊಂದಲದಲ್ಲೇ ಗಟ್ಟಿಯಾಗುತ್ತವೆ. ಹಾಗಾಗಿ ಗಾಜಿಗೆ ಮಂಜುಗಡ್ಡೆಯಂತೆ ಕರಗುವ ಒಂದು ಖಚಿತ ಬಿಂದುವಿಲ್ಲ. ಕಾಯಿಸಿದಂತೆ ಮೆತ್ತಗಾಗುತ್ತ, ಜೇನಿನಂತಾಗುತ್ತ ಹೋಗುತ್ತದೆ. ಆರಿಸಿದರೆ ಮತ್ತೆ ಗಾಜು. ಇದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಗಾಜಿನ ಕಾರ್ಖಾನೆಗಳು ಹೊಸ ಮರಳಿನ ಜೊತೆ ಒಡೆದ ಗಾಜನ್ನು ಬೇಕೆಂದೇ ಸೇರಿಸುತ್ತವೆ. ಒಮ್ಮೆ ಕರಗಿದ್ದ ಚೂರು ಬೇಗ ಕರಗುತ್ತದೆ, ಉಳಿದದ್ದನ್ನೂ ಕರಗಿಸುತ್ತದೆ, ಉರುವಲು ಉಳಿಯುತ್ತದೆ. ನಮ್ಮ ಓಣಿಯ ಗುಜರಿಯವನಿಗೆ ಬಾಟಲಿಯ ಮೂಟೆ ಬೇಕು. ಒಡೆದ ಮಡಕೆಯನ್ನು ಅವನೂ ಮುಟ್ಟುವುದಿಲ್ಲ.

ಒಡೆಯುವುದರಲ್ಲೂ ಗಾಜಿನದು ನಾವು ತಿಳಿದಷ್ಟು ಸರಳ ಕತೆಯಲ್ಲ. ಗಾಜು ಹುಟ್ಟಿನಿಂದಲೇ ಬಡಪಾಯಿ ಎಂದು ನಮ್ಮ ಹಾಡುಗಳ ನಂಬಿಕೆ. 1920ರಲ್ಲಿ ಗ್ರಿಫಿತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ತೆಳು ಗಾಜಿನ ಎಳೆಗಳನ್ನು ಜಗ್ಗಿ ನೋಡಿ ತೋರಿಸಿದ್ದು ಬೇರೆ: ಆಗತಾನೇ ಎಳೆದ ತೆಳು ಎಳೆ ಬಹಳ ಬಲಶಾಲಿ. ಗಾಜು ಸೋಲುವುದು ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳಿಂದ. ಗ್ಲಾಸ್ ಅಂಗಡಿಯವನ ಕೆಲಸ ನೋಡಿ. ಅವನು ಗಾಜನ್ನು ಕತ್ತರಿಸುವುದೇ ಇಲ್ಲ. ಕಟರ್‌ನಿಂದ ಒಂದು ಗೀರು ಎಳೆದು ಮೆಲ್ಲಗೆ ಬಾಗಿಸುತ್ತಾನೆ, ಗೀರಿನ ಉದ್ದಕ್ಕೂ ಅದು ತಾನೇ ಬಿಡುತ್ತದೆ. ಮನಸ್ಸನ್ನು ಗಾಜಿಗೆ ಹೋಲಿಸುವವರು ಯಾಕೆ ಒಡೆಯಿತು ಎಂದು ಕೇಳುವಾಗ ಇದನ್ನು ನೆನಪಿಟ್ಟರೆ ಒಳ್ಳೆಯದು. ಗೀರು ಎಳೆದವರು ಯಾರು ಎಂಬ ಪ್ರಶ್ನೆಯನ್ನು 'ಅದು ಗಾಜಿನಂಥ ಮನಸ್ಸು' ಎಂಬ ಮಾತು ಮುಚ್ಚಿಹಾಕುತ್ತದೆ.

ಕನ್ನಡದ ನುಡಿಗೆ ಇದರ ಸುಳಿವು ಇತ್ತೇನೋ ಎಂದು ನನಗೆ ಅನ್ನಿಸುವುದು ಬಳೆಯ ವಿಷಯದಲ್ಲಿ. ಹಳೆಯ ಮನೆಗಳಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತಾರೆ. ಅಪಶಕುನವನ್ನು ಬಾಯಲ್ಲಿ ಆಡಬಾರದೆಂಬ ಎಚ್ಚರ ಅದು, ನಿಜ. ಆದರೂ ಆ ಪದ ವಸ್ತುವಿನ ಸ್ವಭಾವಕ್ಕೆ ಎಷ್ಟು ಹತ್ತಿರವಿದೆ! ಒಡೆದ ಗಾಜು ಮುಂದಿನ ಗಾಜನ್ನು ಹೆಚ್ಚಿಸುತ್ತದೆ.

ಇಲ್ಲಿಗೆ ಬಂದಾಗ ವಾದ ಹಗುರವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಅನೇಕ ಸಮುದಾಯಗಳ ಸಾವಿನ ಆಚರಣೆಯಲ್ಲಿ ಎರಡು ವಸ್ತುಗಳು ಒಡೆಯುತ್ತವೆ. ಚಿತೆಯ ಬಳಿ ನೀರಿನ ಮಡಕೆ. ಸತ್ತವನ ಹೆಂಡತಿಯ ಕೈಯಲ್ಲಿ ಗಾಜಿನ ಬಳೆ. ಮೊದಲನೆಯದರ ಅರ್ಥ: ದೇಹ ಮುಗಿಯಿತು, ಪಂಚಭೂತಗಳಿಗೆ ಮರಳಿತು. ಎರಡನೆಯದರ ಅರ್ಥ: ನಿನ್ನದೂ ಮುಗಿಯಿತು. ಸತ್ತವನಿಗೆ ಮರಳುವ ದಾರಿ, ಬದುಕಿರುವವಳಿಗೆ ಮುಚ್ಚಿದ ಬಾಗಿಲು. ಎರಡೂ ವಸ್ತುಗಳು ಒಳಗೊಳಗೇ ಈ ಅರ್ಥವನ್ನು ಒಪ್ಪುವುದಿಲ್ಲ. ಮಡಕೆಯ ಚೂರು ಸಾವಿರಾರು ವರ್ಷ ಅಲ್ಲೇ ಬಿದ್ದಿರುತ್ತದೆ, ಸತ್ತವನು ಬದುಕಿದ್ದ ಎಂಬುದಕ್ಕೆ ಸಾಕ್ಷಿಯಾಗಿ. ಬಳೆಯ ಚೂರು ಕುಲುಮೆ ಸಿಕ್ಕರೆ ನಾಳೆಯೇ ಮತ್ತೊಂದು ಬಳೆ. 2022ರ ಮೇ ತಿಂಗಳಲ್ಲಿ, ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ, ವಿಧವೆಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಆ ನಿರ್ಣಯವನ್ನು ಸಮಾಜ ಸುಧಾರಣೆ ಎಂದು ಓದುವುದು ಸರಿ. ತಪ್ಪು ಹೋಲಿಕೆಯೊಂದನ್ನು ಊರು ಕೂಡಿ ತಿದ್ದಿದ್ದು ಎಂದೂ ನಾನು ಓದುತ್ತೇನೆ.

ಒಂದು ಆಕ್ಷೇಪಣೆ ಬರುವುದು ಸಹಜ. ಕಾವ್ಯದ ಹೋಲಿಕೆಗೆ ಪ್ರಯೋಗಶಾಲೆಯ ಪರವಾನಗಿ ಬೇಕೇ? ಚಂದ್ರನಲ್ಲಿ ಮೊಲವಿಲ್ಲ ಎಂದು ಕವಿತೆಯನ್ನು ಹರಿದು ಹಾಕುತ್ತೇವೆಯೇ? ಖಂಡಿತ ಇಲ್ಲ. ಕವಿಗಳೆಲ್ಲ ಕೇಯೊಲಿನೈಟ್ ಓದಿ ಬರಲಿ ಎಂದು ನಾನು ಕೇಳುತ್ತಿಲ್ಲ. ಹರಿಹರನೂ ಓದಿರಲಿಲ್ಲ. ಅವನು ಮಡಕೆಯನ್ನು ಕೇಳಿದ್ದ. ಚಂದ್ರನ ಮೊಲ ಯಾರ ಕೈಯನ್ನೂ ಬರಿದು ಮಾಡುವುದಿಲ್ಲ. ಬಳೆಯ ಹೋಲಿಕೆ ಮಾಡಿದೆ. ವಸ್ತುವಿನ ಜೊತೆ ಒಡನಾಟವಿದ್ದ ಕಾಲದಲ್ಲಿ ಹುಟ್ಟಿದ ಹೋಲಿಕೆಗಳು ಆ ಒಡನಾಟ ತಪ್ಪಿದ ಮೇಲೆ ಬರೀ ಪಡಿಯಚ್ಚಾಗುತ್ತವೆ. ವಿಮರ್ಶೆಯ ಕೆಲಸಗಳಲ್ಲಿ ಒಂದು, ಅವುಗಳನ್ನು ಮತ್ತೆ ವಸ್ತುವಿನ ಹತ್ತಿರಕ್ಕೆ ಒಯ್ಯುವುದು.

ಇನ್ನೊಂದು ಎಚ್ಚರವೂ ಬೇಕು. ಗಾಜು ಮತ್ತೆ ಗಾಜಾಗುತ್ತದೆ ಎಂಬುದನ್ನು ಅಗ್ಗದ ಧೈರ್ಯದ ಮಾತಾಗಿಸಬಾರದು. ಚೂರುಗಳನ್ನು ಅಂಟಿಸಿದರೆ ಅದು ಹಳೆಯ ಬಳೆಯಾಗುವುದಿಲ್ಲ, ಗೀರು ಗೀರಾಗಿಯೇ ಉಳಿಯುತ್ತದೆ. ಮತ್ತೆ ಬಳೆಯಾಗಬೇಕಾದರೆ ಪೂರ್ತಿ ಕರಗಬೇಕು, ಹಳೆಯ ಆಕಾರವನ್ನು ಪೂರ್ತಿ ಬಿಡಬೇಕು, ಅದಕ್ಕೆ ದೊಡ್ಡ ಕಾವು ಬೇಕು, ಆಮೇಲೆ ನಿಧಾನವಾಗಿ ಆರಬೇಕು. ಅವಸರದಲ್ಲಿ ಆರಿಸಿದ ಗಾಜು ಒಳಗೇ ಬಿಗುವು ಹೊತ್ತುಕೊಂಡು, ಯಾರೂ ಮುಟ್ಟದಿದ್ದರೂ ಒಂದು ದಿನ ಸೀಳುತ್ತದೆ. ಹಾಗೆಯೇ ಸುಟ್ಟ ಮಡಕೆಯ ಬಾಳಿಕೆಯೂ ಬರೀ ಹೆಮ್ಮೆಯ ವಿಷಯವಲ್ಲ. ಒಳ್ಳೆಯದರಂತೆ ಕೆಟ್ಟದ್ದೂ ಬೇಯುತ್ತದೆ, ಉಳಿಯುತ್ತದೆ.

ಎರಡು ಹೋಲಿಕೆಗಳನ್ನು ಅವುಗಳ ಸರಿಯಾದ ಜಾಗಕ್ಕೆ ಇಟ್ಟರೆ ಸಿಗುವುದು ಇಷ್ಟು: ನಾವು ಮಾಡಿದ್ದು ಮಡಕೆಯಂತೆ, ಬೆಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ನಮಗೆ ಆದದ್ದು ಗಾಜಿನಂತೆ, ಅದೇ ಕೊನೆಯ ಆಕಾರವೆಂದು ಯಾರೂ ತೀರ್ಪು ಕೊಡುವ ಹಾಗಿಲ್ಲ. ಸದ್ಯದ ನಮ್ಮ ಹಾಡುಗಳು ಇದಕ್ಕೆ ವಿರುದ್ಧವಾದದ್ದನ್ನು ಕಲಿಸುತ್ತಿವೆ. ಬೇಸಿಗೆಯಲ್ಲಿ ಮಾಗಡಿ ರಸ್ತೆಯ ಬದಿಯಲ್ಲಿ ನೀರಿನ ಮಡಕೆಗಳನ್ನು ಪೇರಿಸಿಟ್ಟಿರುತ್ತಾರೆ. ಕೊಳ್ಳುವವರು ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ತಟ್ಟುತ್ತಾರೆ. ದನಿ ಸರಿಯಿಲ್ಲದ್ದನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಕವಿತೆ ಓದುವವರೂ ಅಷ್ಟು ಮಾಡಿದರೆ ಸಾಕು.